ಅತ್ತೆಗೆ ಪ್ರಶಸ್ತಿ ಬಂದಿದೆಯಂತೆ, 4,500 ರೂಪಾಯಿ ಕಟ್ಟಬೇಕಂತೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅತ್ತೆಗೆ 64 ವರ್ಷ. ಓದಿದ್ದು ಏಳನೇ ಕ್ಲಾಸಿನವರೆಗೆ. ಮೊದಲಿಂದಲೂ ಕಥೆ ಬರೆಯುವ ಅಭ್ಯಾಸ. ಅಡಿಕೆ ಸುಲಿತ ಮುಗಿಸಿ, ರಾತ್ರಿ ಹೊತ್ತು ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಕಳೆದ ನವೆಂಬರಿನಲ್ಲಿ ಅದರಲ್ಲಿ 14 ಕಥೆ ಆರಿಸಿ ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ 300 ಪ್ರತಿ ಮಾಡಿಸಿದೆವು. ಹೋದ ವಾರ ವಾಟ್ಸಾಪಿಗೆ ಒಂದು ಪತ್ರ ಬಂತು. ಅವರ ಪುಸ್ತಕ 'ರಾಷ್ಟ್ರಮಟ್ಟದ ಸಾಹಿತ್ಯ ಪ್ರಶಸ್ತಿ'ಗೆ ಆಯ್ಕೆಯಾಗಿದೆಯಂತೆ. ಬೆಂಗಳೂರಿನಲ್ಲಿ ಕಾರ್ಯಕ್ರಮ. ಶಾಲು, ಹಾರ, ಸ್ಮರಣಿಕೆಯ ಖರ್ಚಿಗೆ 4,500 ರೂಪಾಯಿ ಹತ್ತು ದಿನದೊಳಗೆ ಕಳಿಸಬೇಕಂತೆ. ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಮ್ಮ ಯಜಮಾನರು 'ಹೋಗ್ಲಿ ಬಿಡು, ಅಮ್ಮನ ಸಂತೋಷಕ್ಕೆ ತಾನೆ' ಅನ್ನುತ್ತಾರೆ. ಫ್ಲೆಕ್ಸ್ ಮಾಡಿಸುವ ಮಾತೂ ಆಗಿದೆ. ನನಗೆ ಯಾಕೋ ಅನುಮಾನ. ಇದು ನಿಜವಾದ ಪ್ರಶಸ್ತಿಯಾ? ಅಲ್ಲ ಅಂದರೆ ಅತ್ತೆಗೆ ಹೇಗೆ ಹೇಳುವುದು? ದೊಡ್ಡ ಪ್ರಶಸ್ತಿಗಳೆಲ್ಲ ವಶೀಲಿ ಇದ್ದವರಿಗೇ ಅಂತಾರಲ್ಲ, ನಮ್ಮಂಥವರು ಏನು ಮಾಡಬೇಕು? ಪುಸ್ತಕದಲ್ಲಿ ಇಸವಿ ಹಾಕುವುದು ಮರೆತುಹೋಗಿದೆ. ಈ ವರ್ಷದ ಇಸವಿಯ ಚೀಟಿ ಅಂಟಿಸಿ, ಬಹುಮಾನಕ್ಕೆ ಕಳಿಸಲು ಒಂದು ವರ್ಷ ಉಳಿಯುತ್ತೆ ಅಂತ ಪ್ರೆಸ್ಸಿನವರು ಹೇಳಿದರು. ಅತ್ತೆಯ ಹತ್ತಿರ ಮದುವೆಯಲ್ಲಿ ಹೇಳುವ ಹಸೆ ಹಾಡುಗಳನ್ನು ಬರೆದಿಟ್ಟ ಇನ್ನೊಂದು ನೋಟ್‌ಬುಕ್ ಇದೆ. ಅದಕ್ಕೂ ಏನಾದರೂ ದಾರಿ ಇದೆಯಾ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ದುಡ್ಡು ಕಳಿಸಬೇಡಿ. ಹತ್ತು ದಿನದ ಗಡುವು ಅಂದಿದ್ದೀರಿ, ಅದಕ್ಕೇ ಇದನ್ನು ಮೊದಲು ಹೇಳಿದೆ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೂವತ್ತು ವರ್ಷದಿಂದ ನಾನು ಪುಸ್ತಕದಂಗಡಿ ಇಟ್ಟುಕೊಂಡಿದ್ದೇನೆ. ಜೊತೆಗೊಂದು ಸಣ್ಣ ಪ್ರಕಾಶನ. ನಾಲ್ಕಾರು ಸಲ ಬಹುಮಾನಕ್ಕೆ ಬಂದ ಪುಸ್ತಕಗಳನ್ನು ಓದಿ ಅಂಕ ಹಾಕುವ ಕೆಲಸಕ್ಕೂ ಕೂತಿದ್ದೇನೆ. ಇಂಥ ಪತ್ರ ಹಿಡಿದುಕೊಂಡು ಅಂಗಡಿಗೆ ಬರುವವರು ಪ್ರತಿ ವರ್ಷ ಇರುತ್ತಾರೆ. ಮೊದಲು ಅಂಚೆಯಲ್ಲಿ ಬರುತ್ತಿತ್ತು, ಈಗ ವಾಟ್ಸಾಪಿನಲ್ಲಿ. ಪತ್ರದ ಭಾಷೆ ಮಾತ್ರ ಹಾಗೇ ಇದೆ: 'ತಮ್ಮ ಅನುಪಮ ಸಾಹಿತ್ಯ ಸೇವೆಯನ್ನು ಗುರುತಿಸಿ'. ಪುಸ್ತಕದ ಹೆಸರು ಇರುತ್ತದೆ. ಪುಸ್ತಕದ ಒಳಗಿನ ಒಂದು ಮಾತೂ ಇರುವುದಿಲ್ಲ.

ಅವರು ನಿಮ್ಮಿಂದ ಪುಸ್ತಕ ತರಿಸಿಕೊಂಡಿದ್ದಾರಾ? ನಿಮ್ಮ ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಮಾಡಿಸಿದ್ದು 300 ಪ್ರತಿ. ಅದರಲ್ಲಿ ಮುಕ್ಕಾಲು ಪಾಲು ನೆಂಟರಿಷ್ಟರ ಮನೆಯಲ್ಲಿ ಇಲ್ಲವೇ ನಿಮ್ಮ ಅಟ್ಟದ ಮೇಲೆ ಇರುತ್ತದೆ. ಬೆಂಗಳೂರಿನಲ್ಲಿ ಕೂತ ಆಯ್ಕೆ ಸಮಿತಿಗೆ ಅದು ಎಲ್ಲಿಂದ ಸಿಕ್ಕಿತು? ಬಿಡುಗಡೆಯ ಫೋಟೊವನ್ನು ಮನೆಯಲ್ಲಿ ಯಾರಾದರೂ ಫೇಸ್‌ಬುಕ್ಕಿಗೆ ಹಾಕಿರುತ್ತಾರೆ, ಜೊತೆಗೆ 'ಪ್ರತಿಗಳಿಗೆ ಸಂಪರ್ಕಿಸಿ' ಅಂತ ನಂಬರ್ ಕೊಟ್ಟಿರುತ್ತಾರೆ. ಹೆಚ್ಚಾಗಿ ಅಲ್ಲಿಂದಲೇ. ಪುಸ್ತಕ ಓದದೆ ಪ್ರಶಸ್ತಿ ಕೊಡುವವರು ಪುಸ್ತಕಕ್ಕೆ ಕೊಡುವುದಿಲ್ಲ, ಫೋನ್ ನಂಬರಿಗೆ ಕೊಡುತ್ತಾರೆ.

ಹಾಗಂತ ಇದು ಪೊಲೀಸರಿಗೆ ದೂರು ಕೊಡುವಂಥ ವಂಚನೆಯೇ ಅಂದರೆ, ಬಹಳ ಸಲ ಅಲ್ಲ. ಕಾರ್ಯಕ್ರಮ ನಿಜಕ್ಕೂ ನಡೆಯುತ್ತದೆ. ಒಬ್ಬ ಸ್ನೇಹಿತರ ಜೊತೆ ನಾನೂ ಒಮ್ಮೆ ಹೋಗಿದ್ದೆ. ಬೇಡ ಅಂದರೂ ಕೇಳದೆ ದುಡ್ಡು ಕಟ್ಟಿದ್ದರು. ಸಭಾಂಗಣದ ಬಾಗಿಲಲ್ಲಿ ಒಂದು ಮೇಜು. ಅಲ್ಲಿ ರಸೀದಿ ತೋರಿಸಿದರೆ ಊಟದ ಚೀಟಿ. ವೇದಿಕೆಯ ಮೇಲೆ ಹೆಸರು ಕೂಗುತ್ತಿದ್ದುದು ರೇಷನ್ ಅಂಗಡಿಯಲ್ಲಿ ಕೂಗಿದ ಹಾಗೆ. ಕವಿ, ಯೋಗ ಗುರು, ಜ್ಯೋತಿಷಿ, ಬ್ಯೂಟಿ ಪಾರ್ಲರ್ ನಡೆಸುವವರು, ಎಲ್ಲರೂ ಒಂದೇ ಸಾಲಿನಲ್ಲಿ. ಹಾರ ಒಂದೇ ಇತ್ತು. ಒಬ್ಬರ ಕೊರಳಿಗೆ ಹಾಕಿ, ಫೋಟೊ ತೆಗೆದು, ಮೆಲ್ಲಗೆ ತೆಗೆದು ಮುಂದಿನವರಿಗೆ ಹಾಕುತ್ತಿದ್ದರು. ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಸ್ಕೆಚ್ ಪೆನ್ನಲ್ಲಿ ತುಂಬಿದ್ದರು. ನನ್ನ ಸ್ನೇಹಿತರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ವಾಪಸ್ ಬರುವಾಗ ತರೀಕೆರೆ ದಾಟುವವರೆಗೂ ಅವರು ಮಾತಾಡಲಿಲ್ಲ.

ಲೆಕ್ಕ ಹಾಕಿ ನೋಡಿ. 60 ಜನ ಬಂದರು ಅಂತಿಟ್ಟುಕೊಳ್ಳೋಣ. ತಲೆಗೆ 4,500ರಂತೆ 2,70,000 ರೂಪಾಯಿ. ಹಾಲ್ ಬಾಡಿಗೆ, ಶಾಲು, ಸ್ಮರಣಿಕೆ, ಊಟ ಎಲ್ಲ ಕಳೆದರೂ ಕೈಯಲ್ಲಿ ಉಳಿಯುತ್ತದೆ. ಮಾರಿದ್ದು ಸಮಾರಂಭ, ಕೊಂಡವರು ಪ್ರಶಸ್ತಿ ಪಡೆದವರು. ದುಡ್ಡಿಗಿಂತ ದೊಡ್ಡ ತೊಂದರೆ ಆಮೇಲಿನದು. ಒಮ್ಮೆ ಕಟ್ಟಿದವರ ನಂಬರು ಕೈಯಿಂದ ಕೈಗೆ ದಾಟುತ್ತದೆ. ಮುಂದಿನ ವರ್ಷ 'ಅಂತಾರಾಷ್ಟ್ರೀಯ', ಅದರ ಮುಂದಿನ ವರ್ಷ ಗೌರವ ಡಾಕ್ಟರೇಟು. ರೇಟು ಮಾತ್ರ ಏರುತ್ತಾ ಹೋಗುತ್ತದೆ. ಹೆಸರಿಗೂ ಮರುಳಾಗಬೇಡಿ. ಕುವೆಂಪು, ಬೇಂದ್ರೆ, ಕರ್ನಾಟಕ, ಅಕಾಡೆಮಿ, ರಾಷ್ಟ್ರೀಯ, ಈ ಪದಗಳನ್ನು ಹೇಗೆ ಬೇಕಾದರೂ ಜೋಡಿಸಿ ಒಂದು ಪ್ರಶಸ್ತಿಯ ಹೆಸರು ಮಾಡಬಹುದು.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ದುಡ್ಡು ಕೇಳಿದವರೆಲ್ಲ ಕೆಟ್ಟವರಲ್ಲ. ಕೆಲವು ಕಥಾಸ್ಪರ್ಧೆಗಳಲ್ಲಿ ಪ್ರವೇಶ ಶುಲ್ಕ ಇರುತ್ತದೆ. ಅದನ್ನು ಎಲ್ಲರೂ ಮೊದಲೇ ಕಟ್ಟುತ್ತಾರೆ, ಗೆಲ್ಲುವವರು ಒಬ್ಬರೋ ಇಬ್ಬರೋ. 'ನೀವು ಗೆದ್ದಿದ್ದೀರಿ, ಈಗ ಕಟ್ಟಿ' ಅಂದಾಗ ಎಚ್ಚರ ಆಗಬೇಕು. ನಮ್ಮ ಸಾಗರ, ಹೊಸನಗರ, ಶಿಕಾರಿಪುರದ ಕಡೆ ಊರಿನ ಸಣ್ಣ ಸಂಘಗಳು ಒಂದು ಶಾಲು, ಒಂದು ಬುಟ್ಟಿ ಹಣ್ಣು ಕೊಟ್ಟು ಸನ್ಮಾನ ಮಾಡುತ್ತವಲ್ಲ, ಅದನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಕರೆದವರಿಗೆ ನಿಮ್ಮ ಅತ್ತೆ ಯಾರು ಅಂತ ಗೊತ್ತಿರುತ್ತದೆ.

ಹಾಗಾದರೆ ನಿಜವಾದ ಪ್ರಶಸ್ತಿಗಳು ಹೇಗೆ ಬರುತ್ತವೆ? ಇದರ ಬಗ್ಗೆ ಅಂಗಡಿಗೆ ಬರುವವರು ಹೇಳುವುದರಲ್ಲಿ ಅರ್ಧಕ್ಕರ್ಧ ತಪ್ಪು ಕಲ್ಪನೆ. 'ಜ್ಞಾನಪೀಠಕ್ಕೆ ಯಾವ ಪುಸ್ತಕ ಕಳಿಸಬೇಕು ಸಾರ್' ಅಂತ ಕೇಳಿದವರೂ ಇದ್ದಾರೆ. 1980ರ ದಶಕದ ಶುರುವಿನ ತನಕ ಜ್ಞಾನಪೀಠವನ್ನು ಒಂದು ಕೃತಿಯನ್ನು ಹೆಸರಿಸಿ ಕೊಡುತ್ತಿದ್ದರು. ಹಾಗಾಗಿಯೇ 1967ರ ಕುವೆಂಪು ಅವರ ಪ್ರಶಸ್ತಿಯ ಜೊತೆ 'ಶ್ರೀ ರಾಮಾಯಣ ದರ್ಶನಂ', 1973ರ ಬೇಂದ್ರೆ ಅವರದರ ಜೊತೆ 'ನಾಕುತಂತಿ', 1977ರ ಕಾರಂತರದರ ಜೊತೆ 'ಮೂಕಜ್ಜಿಯ ಕನಸುಗಳು' ಸೇರಿಕೊಂಡಿದೆ. ಆಮೇಲೆ ನಿಯಮ ಬದಲಾಯಿತು. ನಿಮ್ಮದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿ ಅವರಿಗೆ 1994ರಲ್ಲಿ ಬಂದದ್ದು ಅವರ ಒಟ್ಟು ಬರಹಕ್ಕೆ. ಅದಕ್ಕೆ ಪುಸ್ತಕದ ಪಾರ್ಸೆಲ್ ಕಳಿಸುವ ಪ್ರಶ್ನೆಯೇ ಬರುವುದಿಲ್ಲ.

ಕೇಂದ್ರ ಸಾಹಿತ್ಯ ಅಕಾಡೆಮಿಯದು ಹಾಗಲ್ಲ, ಅದು ಪುಸ್ತಕಕ್ಕೇ ಕೊಡುವ ಪ್ರಶಸ್ತಿ. 24 ಭಾಷೆಗಳಲ್ಲಿ ಒಂದೊಂದು. ಒಂದು ಲಕ್ಷ ರೂಪಾಯಿ ಮತ್ತು ತಾಮ್ರ ಫಲಕ. ಅದರಲ್ಲಿ ಇಸವಿಯ ಲೆಕ್ಕ ಸ್ವಲ್ಪ ವಿಚಿತ್ರ. ಪ್ರಶಸ್ತಿ ವರ್ಷದ ಹಿಂದಿನ ಒಂದು ವರ್ಷ ಬಿಟ್ಟು, ಅದಕ್ಕೂ ಹಿಂದಿನ ಐದು ವರ್ಷದಲ್ಲಿ ಮೊದಲ ಸಲ ಅಚ್ಚಾದ ಪುಸ್ತಕಗಳನ್ನು ನೋಡುತ್ತಾರೆ. 2024ರ ಪ್ರಶಸ್ತಿಗೆ 2018ರಿಂದ 2022ರವರೆಗಿನ ಪುಸ್ತಕಗಳು. ಆ ವರ್ಷ ಕನ್ನಡದಲ್ಲಿ ಕೆ.ವಿ. ನಾರಾಯಣ ಅವರ 'ನುಡಿಗಳ ಅಳಿವು' ಪುಸ್ತಕಕ್ಕೆ ಬಂತು. ಅಂದರೆ ಒಂದು ಪುಸ್ತಕಕ್ಕೆ ಒಂದು ಸಲ ಕೈತಪ್ಪಿದರೆ ಮುಗಿಯಿತು ಅಂತಲ್ಲ, ಐದು ಸಲ ಅದು ಕಣದಲ್ಲಿರುತ್ತದೆ. ಪಟ್ಟಿ ತಯಾರಾಗುವುದು ಹಲವು ಹಂತದಲ್ಲಿ, ಕೊನೆಯ ತೀರ್ಮಾನ ಮೂವರು ತೀರ್ಪುಗಾರರದು. 35 ದಾಟದವರಿಗೆ ಯುವ ಪುರಸ್ಕಾರ, ಮಕ್ಕಳ ಪುಸ್ತಕಕ್ಕೆ ಬಾಲ ಸಾಹಿತ್ಯ ಪುರಸ್ಕಾರ ಬೇರೆ ಇವೆ. ಎರಡಕ್ಕೂ 50,000 ರೂಪಾಯಿ.

ಕಳೆದ ವರ್ಷದಿಂದ ಬುಕರ್ ಬಗ್ಗೆ ಕೇಳುವವರು ಜಾಸ್ತಿ. 2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬುಕರ್ ಬಂದ ಮೇಲೆ 'ನಮ್ಮದನ್ನೂ ಲಂಡನ್ನಿಗೆ ಕಳಿಸೋಣವಾ' ಅನ್ನುವವರು ಶುರುವಾಗಿದ್ದಾರೆ. ಕನ್ನಡ ಪುಸ್ತಕವನ್ನು ಹಾಗೇ ಕಳಿಸುವಂತಿಲ್ಲ. ಇಂಗ್ಲಿಷಿಗೆ ಅನುವಾದ ಆಗಿ, ಬ್ರಿಟನ್ ಇಲ್ಲವೇ ಐರ್ಲೆಂಡಿನಲ್ಲಿ ಪ್ರಕಟವಾಗಿ, ಅಲ್ಲಿನ ಪ್ರಕಾಶಕರೇ ಕಳಿಸಬೇಕು. ಬಹುಮಾನದ 50,000 ಪೌಂಡ್ ಲೇಖಕರಿಗೆ ಅರ್ಧ, ಅನುವಾದಕರಿಗೆ ಅರ್ಧ. ದೀಪಾ ಭಾಸ್ತಿ ಅನುವಾದ ಮಾಡದೇ ಇದ್ದಿದ್ದರೆ ಆ ಹನ್ನೆರಡು ಕಥೆಗಳು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಓದುವವರು ಇರುತ್ತಿರಲಿಲ್ಲ.

ಈಗ ವಶೀಲಿಯ ಮಾತು. ಏನೂ ನಡೆಯುವುದಿಲ್ಲ ಅಂತ ನಾನು ಹೇಳಿದರೆ ನೀವು ನಗುತ್ತೀರಿ. ತೀರ್ಪು ಕೊಡುವವರು ಮನುಷ್ಯರು. ಅವರಿಗೆ ಗೆಳೆಯರಿರುತ್ತಾರೆ, ಶಿಷ್ಯರಿರುತ್ತಾರೆ, ಮುನಿಸೂ ಇರುತ್ತದೆ. ಫೋನ್ ಮಾಡಿಸುವವರು ಇದ್ದಾರೆ, ನನಗೇ ಮಾಡಿಸಿದ್ದಾರೆ. ಆದರೆ ನನ್ನ ಅನುಭವದಲ್ಲಿ ವಶೀಲಿಗಿಂತ ದೊಡ್ಡ ಅಡ್ಡಿ ಬೇರೆ. ಪುಸ್ತಕ ಬಂದೇ ಇರುವುದಿಲ್ಲ. ಒಂದು ಸಲ ಸಣ್ಣಕಥೆಯ ವಿಭಾಗದಲ್ಲಿ ನನ್ನ ಮುಂದೆ ಇಪ್ಪತ್ತು ಚಿಲ್ಲರೆ ಪುಸ್ತಕ ಇತ್ತು. ಆ ವರ್ಷ ನಾನೇ ಅಂಗಡಿಯಲ್ಲಿ ಮಾರಿದ ಎರಡು ಒಳ್ಳೆಯ ಸಂಕಲನ ಅದರಲ್ಲಿ ಇರಲಿಲ್ಲ. ಆಮೇಲೆ ವಿಚಾರಿಸಿದರೆ ಒಬ್ಬರು 'ನಮಗೆಲ್ಲ ಎಲ್ಲಿ ಕೊಡ್ತಾರೆ' ಅಂತ ಕಳಿಸಿರಲಿಲ್ಲ, ಇನ್ನೊಬ್ಬರಿಗೆ ಪ್ರಕಟಣೆ ಬಂದದ್ದೇ ಗೊತ್ತಿರಲಿಲ್ಲ. ಮೇಜಿನ ಮೇಲೆ ಇಲ್ಲದ ಪುಸ್ತಕಕ್ಕೆ ಅಂಕ ಹಾಕುವುದು ಹೇಗೆ?

ಬೆಂಗಳೂರಿನಲ್ಲಿ ಇದ್ದರೆ ಮಾತ್ರ ಅನ್ನುವುದಂತೂ ನಿಜವಲ್ಲ. ನಾ. ಡಿಸೋಜ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಸಾಗರದ ಕಡೆಯೇ ಬರೆದವರು. ಶರಾವತಿಯ ಹಿನ್ನೀರು ಅವರ ಕಥೆಗಳ ತುಂಬ ಇದೆ. ಅವರ 'ಮುಳುಗಡೆಯ ಊರಿಗೆ ಬಂದವರು' ಪುಸ್ತಕಕ್ಕೆ 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂತು. ಸಾಗರದ ಟಿ.ಪಿ. ಅಶೋಕ ಅವರ 'ಕಥನ ಭಾರತಿ'ಗೆ 2017ರಲ್ಲಿ, ಶಿವಮೊಗ್ಗದಲ್ಲಿದ್ದ ಡಿ.ಎಸ್. ನಾಗಭೂಷಣ ಅವರ 'ಗಾಂಧಿ ಕಥನ'ಕ್ಕೆ 2021ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರನ್ನು 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೇ ಹುಡುಕಿಕೊಂಡು ಬಂತು.

ನಿಮ್ಮ ಅತ್ತೆಗೆ ಹೇಳಲೇಬೇಕಾದ ಹೆಸರು ಎಂ.ಕೆ. ಇಂದಿರಾ. 1917ರಲ್ಲಿ ನಿಮ್ಮ ತೀರ್ಥಹಳ್ಳಿಯಲ್ಲೇ ಹುಟ್ಟಿದವರು. ಹೆಚ್ಚು ಓದುವ ಅವಕಾಶ ಸಿಗಲಿಲ್ಲ, ಚಿಕ್ಕ ವಯಸ್ಸಿಗೆ ಮದುವೆ. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಆಗ ವಯಸ್ಸು 45 ದಾಟಿತ್ತು. ಅದಕ್ಕೇ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ. ಆಮೇಲೆ 'ಫಣಿಯಮ್ಮ'ಕ್ಕೂ ಬಂತು. ನಮ್ಮ ಅಂಗಡಿಯಲ್ಲಿ 'ಫಣಿಯಮ್ಮ' ಇವತ್ತಿಗೂ ತಿಂಗಳಿಗೆ ಎರಡು ಮೂರಾದರೂ ಹೋಗುತ್ತದೆ.

ನಿಮ್ಮ ಪುಸ್ತಕ ಮೊದಲು ಹೋಗಬೇಕಾದದ್ದು ಹತ್ತಿರದ ಕಡೆಗೆ. ಶಿವಮೊಗ್ಗದ ಕರ್ನಾಟಕ ಸಂಘ ಪ್ರತಿ ವರ್ಷ ಹಿಂದಿನ ವರ್ಷ ಪ್ರಕಟವಾದ ಪುಸ್ತಕಗಳನ್ನು ಕರೆದು ಬಹುಮಾನ ಕೊಡುತ್ತದೆ. ಒಂದೊಂದು ವಿಭಾಗಕ್ಕೆ ಒಬ್ಬೊಬ್ಬರ ಹೆಸರು: ಕಾದಂಬರಿಗೆ ಕುವೆಂಪು, ಕವನ ಸಂಕಲನಕ್ಕೆ ಜಿ.ಎಸ್. ಶಿವರುದ್ರಪ್ಪ, ನಾಟಕಕ್ಕೆ ಕೆ.ವಿ. ಸುಬ್ಬಣ್ಣ, ಸಣ್ಣಕಥೆಗೆ ಅನಂತಮೂರ್ತಿ, ಮಹಿಳಾ ಲೇಖಕರಿಗೆ ಎಂ.ಕೆ. ಇಂದಿರಾ. ನಿಮ್ಮ ಅತ್ತೆಯವರದು ಕೊನೆಯ ಎರಡರ ಬಾಗಿಲಲ್ಲಿ ನಿಲ್ಲುವ ಪುಸ್ತಕ. ಯಾವುದಕ್ಕೆ ಕಳಿಸುತ್ತಿದ್ದೀರಿ ಅಂತ ಜೊತೆಗಿನ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಕ್ಕೂ, ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಬಹುಮಾನಗಳಿಗೂ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಬೆಳಿಗ್ಗೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು, ಅಷ್ಟೇ. ಕಣ್ಣು ತಪ್ಪಿದರೆ ಹೋಯಿತು. ಖರ್ಚು ಅಂದರೆ ಕೇಳಿದಷ್ಟು ಪ್ರತಿ ಮತ್ತು ಅಂಚೆ ಚಾರ್ಜು. ಕಳಿಸಿದ ಪ್ರತಿ ವಾಪಸ್ ಬರುವುದಿಲ್ಲ, ಬಹುಮಾನ ಬರದಿದ್ದರೆ ಯಾಕೆ ಬರಲಿಲ್ಲ ಅಂತ ಯಾರೂ ಪತ್ರ ಬರೆಯುವುದಿಲ್ಲ. ಇಪ್ಪತ್ತು ಪುಸ್ತಕ ಕಳಿಸಿ ಒಂದು ಉತ್ತರವೂ ಇಲ್ಲದ ವರ್ಷ ಇರುತ್ತದೆ. ಅತ್ತೆಗೆ ಇದನ್ನು ಮೊದಲೇ ಹೇಳಿಡಿ.

ಇಸವಿಯ ವಿಷಯಕ್ಕೆ ಬರುತ್ತೇನೆ. ಚೀಟಿ ಅಂಟಿಸುವ ಸಲಹೆ ಕೊಟ್ಟವರು ನಿಮಗೆ ಒಳ್ಳೆಯದಾಗಲಿ ಅಂತಲೇ ಕೊಟ್ಟಿರಬಹುದು. ಆದರೆ ಸುಳ್ಳು ಇಸವಿ ಬೇಡ. ಕಳೆದ ನವೆಂಬರಿನಲ್ಲಿ ಹಂಚಿದ ಪ್ರತಿಗಳು ಊರ ತುಂಬ ಇವೆ, ಬಿಡುಗಡೆಯ ಫೋಟೊ ಇದೆ. ಯಾರಾದರೂ ಒಬ್ಬರು ಬೆರಳು ತೋರಿಸಿದರೆ ಅತ್ತೆಯ ಹೆಸರಿಗೆ ಕಪ್ಪು. ಅದರ ಅಗತ್ಯವೂ ಇಲ್ಲ. ಹಿಂದಿನ ವರ್ಷದ ಪುಸ್ತಕಗಳನ್ನೇ ಈ ವರ್ಷ ಕರೆಯುವುದರಿಂದ ನೀವು ಸರಿಯಾದ ಹೊತ್ತಿಗೇ ಇದ್ದೀರಿ. 'ಪ್ರಥಮ ಮುದ್ರಣ' ಅಂತ ಬರೆದು ನಿಜವಾದ ತಿಂಗಳು, ಇಸವಿ, ಪ್ರತಿಗಳ ಸಂಖ್ಯೆ, ಬೆಲೆ, ಪ್ರಕಾಶಕರ ವಿಳಾಸ ಸೇರಿಸಿ ಒಂದು ಸಣ್ಣ ಚೀಟಿ ಅಚ್ಚು ಮಾಡಿಸಿ, ಉಳಿದ ಎಲ್ಲ ಪ್ರತಿಗೂ ಒಂದೇ ಜಾಗದಲ್ಲಿ ಅಂಟಿಸಿ. ಮುದ್ರಿಸಿದ ಪುಟದಲ್ಲೇ ಇಸವಿ ಇರಬೇಕು ಅಂತ ಕೆಲವರು ತಿರಸ್ಕರಿಸಬಹುದು, ಆ ಅಪಾಯ ಇದ್ದೇ ಇದೆ. ಪ್ರೆಸ್ಸಿನ ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಅದರಲ್ಲಿ ತಾರೀಕು ಇರುತ್ತದೆ.

ಈ ಒಂದು ಪುಟದಿಂದ ನಾನೂ ಪೆಟ್ಟು ತಿಂದಿದ್ದೇನೆ. ಒಬ್ಬ ಗೆಳೆಯರ ಕವನ ಸಂಕಲನ ಮಾಡಿದ್ದೆ. ಡಿಸೆಂಬರಿನಲ್ಲೇ ಮುಗಿಯುತ್ತದೆ ಅಂದುಕೊಂಡು ಆ ವರ್ಷದ ಇಸವಿ ಹಾಕಿಬಿಟ್ಟೆ. ಒಳಪುಟಗಳು ಅಚ್ಚಾದವು, ಮುಖಪುಟ ತಡವಾಯಿತು, ಬೈಂಡಿಂಗ್ ಆಗಿ ಕೈಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ಆ ವರ್ಷದ ಪುಸ್ತಕ ಕಳಿಸುವ ಕೊನೆಯ ದಿನ ಮುಗಿದಿತ್ತು. ಮುಂದಿನ ವರ್ಷ ಕಳಿಸಿದರೆ 'ಇದು ಹಳೇ ಇಸವಿಯದು' ಅಂತ ಬದಿಗಿಟ್ಟರು. ಎರಡೂ ಕಡೆ ತಪ್ಪಿತು. ಗೆಳೆಯರು ಒಂದು ಮಾತೂ ಆಡಲಿಲ್ಲ. ಮುಂದಿನ ಪುಸ್ತಕ ಮಾತ್ರ ಬೇರೆಯವರಿಗೆ ಕೊಟ್ಟರು. ಅಂದಿನಿಂದ ಡಿಸೆಂಬರ್ ಬಂತೆಂದರೆ ನಾನು ಜನವರಿಯ ಇಸವಿಯನ್ನೇ ಹಾಕಿಸಿ, ಜನವರಿಯಲ್ಲೇ ಬಿಡುಗಡೆ ಮಾಡುತ್ತೇನೆ.

ಐಎಸ್‌ಬಿಎನ್, ಅಂದರೆ ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲವು ಏಜೆಂಟರು ಅದಕ್ಕೆ ಸಾವಿರಗಟ್ಟಲೆ ಕೇಳುತ್ತಾರೆ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಹೆಸರಿನ ಏಜೆನ್ಸಿ. ಉಚಿತ. ಸ್ವಂತ ಪುಸ್ತಕ ತರುವ ಲೇಖಕರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಮುಂದಿನ ಪುಸ್ತಕಕ್ಕೆ ಮೊದಲೇ ಮಾಡಿಸಿಕೊಳ್ಳಿ.

ಹಸೆ ಹಾಡಿನ ನೋಟ್‌ಬುಕ್ ಅಂದಿರಲ್ಲ, ನನಗೆ ಕಥೆಗಿಂತ ಅದರ ಮೇಲೆಯೇ ಕುತೂಹಲ ಜಾಸ್ತಿ. ಆದರೆ ಅದು ಬೇರೆ ದಾರಿ. ಆ ಹಾಡುಗಳನ್ನು ಅತ್ತೆ ಕಟ್ಟಿದ್ದಲ್ಲ, ಕೇಳಿ ಕಲಿತದ್ದು. ಪುಸ್ತಕ ಮಾಡಿದರೆ 'ಸಂಗ್ರಹ' ಅಂತಲೇ ಹಾಕಬೇಕು. 'ರಚನೆ' ಅಂತ ಹಾಕಿದರೆ ತಪ್ಪು. ಕಥೆಯ, ಕವಿತೆಯ ವಿಭಾಗಗಳಿಗೆ ಅದನ್ನು ಕಳಿಸುವುದೂ ದಂಡ. ಕರ್ನಾಟಕ ಜಾನಪದ ಅಕಾಡೆಮಿ ಕಲಾವಿದರಿಗೆ ಪ್ರಶಸ್ತಿ ಕೊಡುತ್ತದೆ, ಜಾನಪದ ಪುಸ್ತಕಗಳಿಗೂ ಬಹುಮಾನ ಇದೆ. ಹಾಡುವವರಿಗೆ, ನಾಟಕ ಆಡುವವರಿಗೆ ಕೊಡುವ ಪ್ರಶಸ್ತಿ ಸಿಗುವುದು ವ್ಯಕ್ತಿಗೆ. ನಾಟಕದ ಪಠ್ಯವಾದರೆ ಅದು ಸಾಹಿತ್ಯದ ಲೆಕ್ಕಕ್ಕೆ ಹೋಗುತ್ತದೆ. ಕಂಬಾರರ 'ಸಿರಿಸಂಪಿಗೆ', ಕಾರ್ನಾಡರ 'ತಲೆದಂಡ' ಎರಡೂ ನಾಟಕಗಳಿಗೆ ಬಂದದ್ದು ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ. ತುಂಗೆಯ ದಡದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಜೀವಮಾನವಿಡೀ ಕುಮಾರವ್ಯಾಸನನ್ನು ಹಾಡಿದ ಕಂಠಕ್ಕೆ ಬಂದದ್ದು ಅದು. ಅಂದಹಾಗೆ ಪದ್ಮ ಪ್ರಶಸ್ತಿಗೆ ಯಾರ ಹೆಸರನ್ನಾದರೂ ಯಾರು ಬೇಕಾದರೂ ಸರ್ಕಾರದ ಜಾಲತಾಣದಲ್ಲಿ ಸೂಚಿಸಬಹುದು, ಅದಕ್ಕೂ ದುಡ್ಡಿಲ್ಲ.

ಪ್ರಶಸ್ತಿಗಿಂತ ಮೊದಲು ಒಂದು ಕೆಲಸ ಮಾಡಿ. ಅತ್ತೆಯನ್ನು ಕೂರಿಸಿಕೊಂಡು ಪ್ರತಿ ಹಾಡನ್ನೂ ಅವರ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಯಾರಿಂದ ಕಲಿತದ್ದು, ಯಾವ ಊರು, ಹಸೆಗೆ ಕರೆಯುವಾಗ ಹಾಡುವುದಾ ಆರತಿಗೆ ಹಾಡುವುದಾ, ಅದನ್ನೂ ಬರೆದುಕೊಳ್ಳಿ. ಅಷ್ಟಿದ್ದರೆ ಆ ಪುಸ್ತಕಕ್ಕೆ ತೂಕ ಬರುತ್ತದೆ. ಧಾಟಿ ಹೋಗಿ ಬರೀ ಅಕ್ಷರ ಉಳಿದ ಸಂಗ್ರಹಗಳು ನನ್ನ ಅಂಗಡಿಯಲ್ಲಿ ಬೇಕಾದಷ್ಟಿವೆ.

ಇನ್ನು ಅತ್ತೆಗೆ ಹೇಗೆ ಹೇಳುವುದು. ನಿಮ್ಮ ಯಜಮಾನರ ಮಾತು ನನಗೆ ಅರ್ಥವಾಗುತ್ತದೆ. 4,500 ರೂಪಾಯಿ ದೊಡ್ಡದಲ್ಲ, ಅಮ್ಮನ ಮುಖದ ನಗು ದೊಡ್ಡದು. ಆದರೆ ಈ ನಗು ಎಷ್ಟು ದಿನ ಅನ್ನುವುದನ್ನೂ ನೋಡಬೇಕಲ್ವಾ. ಕಾರ್ಯಕ್ರಮದಲ್ಲಿ ಅವರೇ ಕೂತು ಅರವತ್ತು ಜನರ ಸಾಲು ನೋಡಿದರೆ ಅವರಿಗೇ ಗೊತ್ತಾಗುತ್ತದೆ. ನೀವು ದುಡ್ಡು ಕಟ್ಟಿದ್ದೂ ಗೊತ್ತಾಗುತ್ತದೆ. ಆಗ ಆಗುವ ಅವಮಾನಕ್ಕಿಂತ ಈಗಿನ ಬೇಜಾರು ಸಣ್ಣದು. ಗುಟ್ಟಾಗಿ ಕಟ್ಟುವುದು, 'ಕಾರ್ಯಕ್ರಮ ರದ್ದಾಯಿತಂತೆ' ಅಂತ ಸುಳ್ಳು ಹೇಳುವುದು, ಎರಡನ್ನೂ ಮಾಡಿದವರನ್ನು ನೋಡಿದ್ದೇನೆ. ಎರಡೂ ಉಳಿಯಲಿಲ್ಲ.

ನೀವು ಹೇಳುವುದಕ್ಕಿಂತ ಅವರೇ ಕಂಡುಕೊಂಡರೆ ಚೆನ್ನ. ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೇ ಪತ್ರ ತಂದಿದ್ದರು. ನಾನು ಏನೂ ಹೇಳಲಿಲ್ಲ. 'ಫೋನ್ ಮಾಡಿ, ಯಾವ ಪದ್ಯ ಇಷ್ಟ ಆಯ್ತು ಅಂತ ಕೇಳಿ' ಅಂದೆ. ಅಂಗಡಿಯಲ್ಲೇ ಸ್ಪೀಕರ್ ಹಾಕಿ ಮಾಡಿದರು. ಆ ಕಡೆಯವರು 'ಎಲ್ಲಾ ಪದ್ಯನೂ ಅದ್ಭುತ ಸಾರ್' ಅಂದರು. ಮೇಷ್ಟ್ರು ಫೋನ್ ಕೆಳಗಿಟ್ಟು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ 'ಅದು ಪ್ರಬಂಧದ ಪುಸ್ತಕ ಮಾರಾಯ್ರೆ' ಅಂತ ನಗಲು ಶುರು ಮಾಡಿದರು. ನಿಮ್ಮ ಅತ್ತೆಯೂ ಹಾಗೇ ಫೋನ್ ಮಾಡಲಿ. 14ರಲ್ಲಿ ಯಾವ ಕಥೆ ಹಿಡಿಸಿತು ಅಂತ ಕೇಳಲಿ. ಒಂದು ವೇಳೆ ಅವರು ಕಥೆಯ ಹೆಸರು ಹೇಳಿ, ಅದರೊಳಗಿನ ಮಾತನ್ನೂ ಆಡಿದರೆ ನನ್ನ ಮಾತು ತಪ್ಪು ಅಂದುಕೊಳ್ಳಿ. ಆಗಲೂ 'ದುಡ್ಡು ಕೊಡುವುದಿಲ್ಲ, ಪ್ರಶಸ್ತಿ ಕೊಡುವುದಾದರೆ ಬರುತ್ತೇನೆ' ಅನ್ನಲಿ.

ನಂತರ ಅದೇ ದುಡ್ಡಿನಲ್ಲಿ ಏನು ಮಾಡಬಹುದು ಅಂತ ಮನೆಯವರೆಲ್ಲ ಕೂತು ಮಾತಾಡಿ. ಬಹುಮಾನಗಳಿಗೆ, ಪತ್ರಿಕೆಗಳ ಪುಸ್ತಕ ವಿಮರ್ಶೆಗೆ, ನಾಲ್ಕು ಕಾಲೇಜು ಲೈಬ್ರರಿಗೆ ಪ್ರತಿ ಕಳಿಸುವ ಅಂಚೆ ಖರ್ಚೆಲ್ಲ ಸೇರಿದರೂ ಅದರ ಅರ್ಧ ಆಗಲಿಕ್ಕಿಲ್ಲ. ಉಳಿದದ್ದರಲ್ಲಿ ಒಂದು ಭಾನುವಾರ ಊರಿನ ಶಾಲೆಯಲ್ಲೋ ನಿಮ್ಮ ಅಂಗಳದಲ್ಲೋ ಕಾಫಿ, ಅವಲಕ್ಕಿ ಇಟ್ಟು ಇಪ್ಪತ್ತು ಜನರನ್ನು ಕರೆಯಿರಿ. ಅತ್ತೆ ಒಂದು ಕಥೆ ಓದಲಿ, ಇನ್ನೊಂದನ್ನು ಬೇರೆಯವರು ಓದಲಿ. ತಾನು ಬರೆದದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಬೇರೆಯೇ ಅನುಭವ. ಈ ತರಹದವರಿಗೆ ಪ್ರಶಸ್ತಿ ಪತ್ರದ ಮೇಲೆ ಅಷ್ಟು ಆಸೆ ಯಾಕೆ ಅಂದರೆ, ನಲವತ್ತು ವರ್ಷ ಬರೆದರೂ ಮನೆಯಲ್ಲಿ ಯಾರೂ 'ಓದಿದೆ' ಅಂದಿರುವುದಿಲ್ಲ. ಹೊರಗಿನಿಂದ ಬಂದ ಮೊದಲ ದನಿ ಆ ವಾಟ್ಸಾಪು. ಬೇಜಾರು ಮಾಡಿಕೊಳ್ಳಬೇಡಿ, ಕೇಳಿಯೇ ಬಿಡುತ್ತೇನೆ: 14 ಕಥೆಗಳಲ್ಲಿ ನೀವು ಎಷ್ಟು ಓದಿದ್ದೀರಿ? ನಿಮ್ಮ ಯಜಮಾನರು?

ಪ್ರಶಸ್ತಿ ಬಂದರೆ ಪುಸ್ತಕ ಖರ್ಚಾಗುತ್ತದೆ ಅನ್ನುವ ಲೆಕ್ಕವನ್ನೂ ಬಹಳ ನಂಬಬೇಡಿ. ಸುದ್ದಿ ಬಂದ ವಾರ ಕೇಳುತ್ತಾರೆ, ಆಮೇಲೆ ಮರೆಯುತ್ತಾರೆ. ಕುವೆಂಪು ಅವರಿಗೆ ಕೇಂದ್ರ ಅಕಾಡೆಮಿ ಪ್ರಶಸ್ತಿ, ಜ್ಞಾನಪೀಠ ಎರಡೂ ತಂದದ್ದು 'ಶ್ರೀ ರಾಮಾಯಣ ದರ್ಶನಂ'. ಅಂಗಡಿಯಲ್ಲಿ ಜನ ಕೇಳಿ ಒಯ್ಯುವುದು 'ಮಲೆಗಳಲ್ಲಿ ಮದುಮಗಳು', 'ಕಾನೂರು ಹೆಗ್ಗಡಿತಿ'. ತೇಜಸ್ವಿಯವರ 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಅಕಾಡೆಮಿ ಪ್ರಶಸ್ತಿ ಬಂತು. ಪಿಯುಸಿ ಹುಡುಗರು ಬಂದು ಕೇಳುವುದು 'ಕರ್ವಾಲೊ'.

ಕೊನೆಯದಾಗಿ ಅಟ್ಟದ ಮೇಲಿನ ಪ್ರತಿಗಳು. ಮಳೆಗಾಲಕ್ಕೆ ಮೊದಲು ಅವನ್ನು ಅಲ್ಲಿಂದ ಇಳಿಸಿ. ನಮ್ಮ ಕಡೆಯ ಥಂಡಿಗೆ ಒಂದು ಮಳೆಗಾಲ ಸಾಕು, ಬೂಷ್ಟು ಹಿಡಿದು ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗೋಡೆಗೆ ತಾಗದ ಹಾಗೆ ಹಲಗೆಯ ಮೇಲಿಡಿ, ಒಲೆಯ ಬಿಸಿ ತಟ್ಟುವ ಕೋಣೆಯಾದರೆ ಒಳ್ಳೆಯದು. ಒಂದು ಪ್ರತಿ ನನಗೂ ಕಳಿಸಿ. ಬೆಲೆ ಎಷ್ಟು ಅಂತ ಬರೆಯಿರಿ, ಹಣ ಕಳಿಸುತ್ತೇನೆ. ಸುಮ್ನೆ ಬೇಡ.